ಫಿಟ್ಸ್ ಮಗುವಿನ ತಟ್ಟೆಗೆ ತಕ್ಕಡಿ

ಬ್ರಿಟನ್ನಿಗೆ ಹೊಸದಾಗಿ ಬಂದಿದ್ದೀರಿ, ಮನೆಯಲ್ಲಿ ಫಿಟ್ಸ್ ಬರುವ ಪುಟ್ಟ ಮಗುವಿದೆ. ಸರಿಯಾಗಿ ಆಯ್ದು ಕೊಟ್ಟ ಎರಡು ಔಷಧಿಗಳಿಗೂ ಫಿಟ್ಸ್ ಹತೋಟಿಗೆ ಬರುತ್ತಿಲ್ಲವೆಂದರೆ, ಮಕ್ಕಳ ನರರೋಗ ತಜ್ಞರನ್ನು ಕೀಟೋಜೆನಿಕ್ ಆಹಾರ ಚಿಕಿತ್ಸೆಯ ಬಗ್ಗೆ ಕೇಳಿ. ತಜ್ಞರ ಬಳಿಗೆ ಇನ್ನೂ ಹೋಗಿಲ್ಲವಾದರೆ ಮೊದಲು ಜಿಪಿಯನ್ನು (ಕುಟುಂಬ ವೈದ್ಯರನ್ನು) ಕಾಣಬೇಕು. ಊರಿನ ಇಇಜಿ, ಎಂಆರ್‌ಐ ವರದಿ, ಈವರೆಗೆ ಕೊಟ್ಟ ಔಷಧಿಗಳ ಪಟ್ಟಿ ಜೊತೆಯಲ್ಲಿರಲಿ. ದುಭಾಷಿ ಬೇಕೆಂದರೆ ಮುಂಚೆಯೇ ಹೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಇದು ತೂಕ ಇಳಿಸುವವರ ಕೀಟೋ ಅಲ್ಲ. ಉಪವಾಸವಿದ್ದಾಗ ದೇಹ ಕೊಬ್ಬು ಕರಗಿಸಿ ಕೀಟೋನ್ ಮಾಡಿಕೊಳ್ಳುತ್ತದಲ್ಲ, ಆ ಸ್ಥಿತಿಯನ್ನು ಉಣ್ಣಿಸಿಯೇ ತರುವ ಉಪಾಯ; 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಸೂಚಿಸಿದ್ದು. ಹಳೆಯ ಕಟ್ಟುನಿಟ್ಟಿನ ಕ್ರಮದಲ್ಲಿ 4 ಗ್ರಾಂ ಕೊಬ್ಬಿಗೆ ಪ್ರೋಟೀನು, ಶರ್ಕರಪಿಷ್ಟ ಎರಡೂ ಸೇರಿ 1 ಗ್ರಾಂ ಮಾತ್ರ. ಎಲ್ಲರಿಗೂ ಫಲಿಸುವುದಿಲ್ಲ. 2008ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ ಮೂರು ತಿಂಗಳಿಗೆ ಶೇ. 38 ಮಕ್ಕಳ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು, ಪಥ್ಯವಿಲ್ಲದವರಲ್ಲಿ ಶೇ. 6.

ಸಸ್ಯಾಹಾರಿಗಳಿಗೆ ಆಗದು ಎಂದುಕೊಳ್ಳಬೇಡಿ. ತುಪ್ಪ, ಬೆಣ್ಣೆ, ತೆಂಗಿನೆಣ್ಣೆ, ಪನೀರು ನಮ್ಮ ಅಡುಗೆಮನೆಯವೇ. ಕಷ್ಟವಾಗುವುದು ರಾಗಿ ಸರಿ, ಅನ್ನ, ಇಡ್ಲಿ, ಬಾಳೆಹಣ್ಣು ಬಿಡಿಸುವುದು. ಡಯಟೀಷಿಯನ್‌ಗೆ ‘ಇಂಡಿಯನ್ ಫುಡ್’ ಎಂದಷ್ಟೇ ಹೇಳಿ ಬರಬೇಡಿ. ಮಗು ಬೆಳಿಗ್ಗೆಯಿಂದ ರಾತ್ರಿಯವರೆಗೆ ತಿನ್ನುವುದನ್ನೆಲ್ಲ ಬರೆದು ಕೊಡಿ, ಲೆಕ್ಕ ಅವರು ಹಾಕುತ್ತಾರೆ.

ಆದರೆ ಯೂಟ್ಯೂಬ್ ನೋಡಿ ಮನೆಯಲ್ಲೇ ಶುರು ಮಾಡುವುದು ಅಪಾಯ. ಕೊಬ್ಬನ್ನು ಅರಗಿಸಿಕೊಳ್ಳಲಾಗದ ಕೆಲವು ಹುಟ್ಟು ತೊಂದರೆಗಳಲ್ಲಿ ಈ ಪಥ್ಯ ಜೀವಕ್ಕೇ ಎರವಾದೀತು. ಅದಕ್ಕೇ ಮೊದಲು ರಕ್ತ, ಮೂತ್ರ ಪರೀಕ್ಷೆ. ಮಲಬದ್ಧತೆ, ಮೂತ್ರಪಿಂಡದ ಕಲ್ಲು, ಕುಂಠಿತ ಬೆಳವಣಿಗೆ ಆಗಬಹುದಾದ್ದರಿಂದ ತಪಾಸಣೆಯೂ ನಡೆಯುತ್ತಿರಬೇಕು. ಫಿಟ್ಸ್ ನಿಂತಿತೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕೆಮ್ಮಿನ ಸಿರಪ್ಪಿನಲ್ಲೂ ಸಕ್ಕರೆ ಇರಬಹುದು, ಫಾರ್ಮಸಿಯಲ್ಲಿ ಕೇಳಿಯೇ ಕೊಡಿ. ಪಥ್ಯವಿರಲಿ, ಇಲ್ಲದಿರಲಿ, ಫಿಟ್ಸ್ 5 ನಿಮಿಷ ದಾಟಿದರೆ 999ಕ್ಕೆ ಕರೆ ಮಾಡಿ.

ಪಥ್ಯ ಕೆಡಿಸುವವರು ಹೆಚ್ಚಾಗಿ ಪ್ರೀತಿಯವರೇ. ಆರು ತಿಂಗಳಿಗೆಂದು ಬಂದ ಅಜ್ಜಿ, ‘ದೇವರದ್ದಲ್ವಾ, ಒಂದು ಚೂರು’ ಎಂದು ಸಜ್ಜಿಗೆ ಪ್ರಸಾದ ಬಾಯಿಗಿಡುತ್ತಾರೆ. ಡಯಟೀಷಿಯನ್ ಭೇಟಿಗೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಊಟ ತೂಗುವ ತಕ್ಕಡಿಯನ್ನು ಅವರ ಕೈಗೇ ಕೊಟ್ಟರೆ ಇನ್ನೂ ಒಳ್ಳೆಯದು.

ನಮ್ಮ ಕನ್ನಡ ಕೂಟದ ಸದಸ್ಯರಲ್ಲೂ ಒಂದು ವಿನಂತಿ: ಹಬ್ಬದೂಟದಲ್ಲಿ ಯಾರ ಮಗುವಿಗೇ ಆಗಲಿ, ಅಪ್ಪ ಅಮ್ಮನನ್ನು ಕೇಳದೆ ಸಿಹಿ ಕೊಡಬೇಡಿ.