ಯಂತ್ರ ಹೇಳಿದ್ದೆಲ್ಲ ನಿಜವೇ?
(ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ)



"ಕಂಪ್ಯೂಟರ್‌ನಲ್ಲೇ ಹಾಗೆ ಬಂದಿದೆ, ನಾವೇನು ಮಾಡೋಕಾಗುತ್ತೆ?" ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಈ ಮಾತು ಕೇಳದವರು ನಮ್ಮಲ್ಲಿ ಕಡಿಮೆ. ಕೇಳಿದ ಕೂಡಲೇ ಸುಮ್ಮನಾಗಿಬಿಡುತ್ತೇವೆ. ಯಂತ್ರಕ್ಕೆ ದಣಿವಿಲ್ಲ, ಪಕ್ಷಪಾತವಿಲ್ಲ ಎಂಬ ನಂಬಿಕೆ ನಮ್ಮದು. ನೂರು ಸಲ ಸರಿ ಹೇಳಿದ್ದು ನೂರೊಂದನೆಯ ಸಲವೂ ಸರಿಯೇ ಹೇಳುತ್ತೆ ಅಂದುಕೊಳ್ಳುತ್ತೇವೆ. ಈ ನಂಬಿಕೆ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಬ್ರಿಟನ್ನಿನ ಒಂದು ಪ್ರಕರಣ ನೋಡೋಣ.

ಬ್ರಿಟನ್ನಿನಲ್ಲಿ ನಡೆದದ್ದು

ಅಲ್ಲಿನ ಅಂಚೆ ಸಂಸ್ಥೆ 1999ರಿಂದ ತನ್ನ ಶಾಖೆಗಳಿಗೆ 'ಹೊರೈಜನ್' ಎಂಬ ಕಂಪ್ಯೂಟರ್ ಲೆಕ್ಕ ವ್ಯವಸ್ಥೆ ತಂದಿತು. ಶಾಖೆಯವರು ಒಂದು ಪೈಸೆ ಮುಟ್ಟದಿದ್ದರೂ ಪರದೆಯ ಮೇಲೆ ಹಣ ಕಡಿಮೆ ಎಂದು ಬರತೊಡಗಿತು. ದೋಷ ಇದ್ದದ್ದು ತಂತ್ರಾಂಶದಲ್ಲಿ. ಸಂಸ್ಥೆ ನಂಬಿದ್ದು ಯಂತ್ರವನ್ನು. ಹಲವರು ಕೈಯಿಂದ ಹಣ ತುಂಬಿದರು. 2015ರೊಳಗೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿಕೊಂಡರು. ಕೆಲವರು ಜೈಲಿಗೂ ಹೋದರು. ಈ ತೊಂದರೆ ನಿಮಗೊಬ್ಬರಿಗೇ ಎಂದು ಎಷ್ಟೋ ಮಂದಿಗೆ ಹೇಳಲಾಗಿತ್ತು.

ವೇಲ್ಸ್‌ನ ಆಲನ್ ಬೇಟ್ಸ್ ಮಾತ್ರ ಆ ಲೆಕ್ಕ ಒಪ್ಪಲಿಲ್ಲ. 2003ರಲ್ಲಿ ಶಾಖೆ ಕಳೆದುಕೊಂಡರೂ ತಮ್ಮಂತೆ ನೊಂದವರನ್ನು ಒಗ್ಗೂಡಿಸಿದರು. 555 ಮಂದಿ ಸೇರಿ ಮೊಕದ್ದಮೆ ಹೂಡಿದರು. ವ್ಯವಸ್ಥೆಯಲ್ಲಿ ದೋಷಗಳಿದ್ದವು ಎಂದು 2019ರಲ್ಲಿ ಹೈಕೋರ್ಟ್ ತೀರ್ಪಿತ್ತಿತು. 2024ರಲ್ಲಿ ಕಾನೂನನ್ನೇ ತಂದು ನೂರಾರು ಮಂದಿಯ ಶಿಕ್ಷೆ ರದ್ದು ಮಾಡಿದರು. ಅಷ್ಟರಲ್ಲಿ ಕೆಲವರು ತೀರಿಹೋಗಿದ್ದರು.

ನಮಗೇನು ಪಾಠ?

ಯಂತ್ರವೇ ಬೇಡ ಅನ್ನುವುದು ಜಾಣತನವಲ್ಲ. ಪಿಂಚಣಿ, ಸಂಘದ ಸಾಲ ಎಲ್ಲವೂ ಇಂದು ಅದರ ಮೂಲಕವೇ ಬರುತ್ತದೆ. ಆದರೆ ನಂಬಿಕೆಯ ಜೊತೆಗೆ ಪರೀಕ್ಷೆಯೂ ಇರಬೇಕು.

1. ಹಣ ಕಟ್ಟಿದಾಗಲೆಲ್ಲ ರಸೀದಿ ಪಡೆಯೋಣ. ಸಂಘದ ಕೈಬರಹದ ಪುಸ್ತಕ ಬಿಡುವುದು ಬೇಡ. ತಕರಾರು ಬಂದಾಗ ಮಾತನಾಡುವುದು ಅದೇ.

2. 'ಕಂಪ್ಯೂಟರ್ ಹೇಳಿದೆ' ಎಂಬುದು ಕಾರಣವಲ್ಲ. ಯಾವ ದಾಖಲೆ ತಪ್ಪಿದೆ, ಸರಿಪಡಿಸುವ ಅಧಿಕಾರಿ ಯಾರು ಎಂದು ಕೇಳೋಣ. ಉತ್ತರ ಬರಹದಲ್ಲಿ ಪಡೆಯೋಣ.

3. ಕೂಲಿ ಮಾಡಿ ಸವೆದ ಬೆರಳನ್ನು ಯಂತ್ರ ಗುರುತಿಸದೇ ಇರಬಹುದು. ಅದೊಂದೇ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ.

4. ಈಗ ಮೊಬೈಲ್‌ನಲ್ಲಿ ಕೃತಕ ಬುದ್ಧಿಮತ್ತೆ ಕನ್ನಡದಲ್ಲೇ ಉತ್ತರ ಕೊಡುತ್ತದೆ. ಅದು ಓದಿದ ಅಪಾರ ಬರಹದ ಆಧಾರದಲ್ಲಿ ಮುಂದೆ ಯಾವ ಪದ ಬರಬಹುದು ಎಂದು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತದೆ. ಹಾಗಾಗಿ ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳಬಲ್ಲದು. ಔಷಧಿ ಎಷ್ಟು ಎಂದು ವೈದ್ಯರನ್ನೇ, ಯೋಜನೆಯ ನಿಯಮ ಏನೆಂದು ಕಚೇರಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳೋಣ.

5. ತೊಂದರೆ ನಮಗೊಬ್ಬರಿಗೇ ಅಂದರೆ ನಂಬಿ ಕೂರುವುದು ಬೇಡ. ಸಭೆಯಲ್ಲಿ ಹೇಳೋಣ. ಅದೇ ತೊಂದರೆ ಇನ್ನೂ ನಾಲ್ಕು ಜನರಿಗೆ ಇದ್ದೀತು.

ಚರ್ಚೆಗೆ

• ಯಂತ್ರದ ಕಾರಣ ಹೇಳಿ ನಮ್ಮ ಊರಿನಲ್ಲಿ ಯಾರಿಗಾದರೂ ಸೌಲಭ್ಯ ತಪ್ಪಿದೆಯೇ?
• ಅವರ ಜೊತೆ ಕಚೇರಿಗೆ ಹೋಗಲು ಈ ವಾರ ನಮ್ಮಲ್ಲಿ ಯಾರು ಸಿದ್ಧರು?