‘ಒಲ್ಲೆ’ ಬೇರೆ, ‘ಬಿಟ್ಟೆ’ ಬೇರೆ: ಐದು ಇಂಗ್ಲಿಷ್ ಪದಗಳು ಮತ್ತು ನಮ್ಮ ದಂಡು ಪ್ರದೇಶ

ಪ್ಲೇಸ್‌ಮೆಂಟ್‌ನಲ್ಲಿ ಎರಡು ಆಫರ್ ಸಿಕ್ಕರೆ ಒಂದು ಕಂಪನಿಗೆ ‘ಬರಲ್ಲ’ ಅಂತ ಮೇಲ್ ಬರೀಬೇಕು. ಆಗ ಕೆಲವರು ‘ಐ ಡಿನೈ ಯುವರ್ ಆಫರ್’ ಅಂತ ಬರೆದುಬಿಡ್ತಾರೆ. ಡಿನೈ, ರಿಫ್ಯೂಸ್, ರಿಜೆಕ್ಟ್, ಡಿಕ್ಲೈನ್, ರಿನೌನ್ಸ್ ಎಲ್ಲಕ್ಕೂ ‘ನಿರಾಕರಿಸು’ ಅಂತ ಒಂದೇ ಅರ್ಥ ಬಾಯಿಪಾಠ ಮಾಡಿದರೆ ಹೀಗೇ ಆಗೋದು. ಅದರ ಬದಲು ನಮ್ಮ ಆಡುಮಾತಿನ ಸಣ್ಣ ಪದಗಳನ್ನು ಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸ ತಾನಾಗಿ ಕಾಣುತ್ತೆ.

ಡಿನೈ ಅಂದರೆ ‘ಅಲ್ಲ’, ‘ಇಲ್ಲ’. ಇದು ಹೇಳಿಕೆಗೆ ಸಂಬಂಧಿಸಿದ್ದು. ‘ಅಸೈನ್‌ಮೆಂಟ್ ಕಾಪಿ ಮಾಡಿದ್ಯಾ?’ ಅಂದಾಗ ‘ಇಲ್ಲ ಸಾರ್’ ಅನ್ನೋದು ಡಿನೈ. ಕೇಳಿದವರಿಗೆ ಅನುಮತಿ ಅಥವಾ ಹಕ್ಕು ಕೊಡದೇ ಇರೋದಕ್ಕೂ ಇದೇ ಪದ. ಲಿನಕ್ಸ್‌ನಲ್ಲಿ ಬರೋ ‘ಪರ್ಮಿಷನ್ ಡಿನೈಡ್’ ನೆನಪಿಸಿಕೊಳ್ಳಿ.

ರಿಫ್ಯೂಸ್ ಅಂದರೆ ‘ಒಲ್ಲೆ’, ‘ಮಾಡಲ್ಲ’. ಇದು ಕೆಲಸಕ್ಕೆ ಸಂಬಂಧಿಸಿದ್ದು. ಶಿವಾಜಿನಗರದಿಂದ ಕೆ.ಆರ್. ಪುರಂಗೆ ಆಟೋದವರು ಬರಲ್ಲ ಅಂದರೆ ‘ಹಿ ರಿಫ್ಯೂಸ್ಡ್ ಟು ಕಮ್’. ‘ಡಿನೈಡ್ ಟು ಕಮ್’ ಅಂತ ನಾವು ತುಂಬಾ ಜನ ಹೇಳ್ತೀವಿ, ಅದು ತಪ್ಪು. ಡಿನೈ ಆದ ಮೇಲೆ ‘ಟು’ ಹಾಕಿ ಕ್ರಿಯಾಪದ ಸೇರಿಸೋ ಹಾಗಿಲ್ಲ.

ರಿಜೆಕ್ಟ್ ಅಂದರೆ ನೋಡಿ, ಅಳೆದು ‘ಬೇಡ’ ಅನ್ನೋದು. ಅಳತೆ ಸರಿಯಿಲ್ಲದ ಬೇರಿಂಗ್ ಪಕ್ಕಕ್ಕೆ ಇಟ್ಟರೆ ರಿಜೆಕ್ಟ್. ಡಿಕ್ಲೈನ್ ಅಂದರೆ ಮರ್ಯಾದೆಯಿಂದ ‘ಬೇಡಿ’ ಅನ್ನೋದು. ಕಂಪನಿಗೆ ಬರೆಯೋ ಮೇಲ್‌ಗೆ ಬೇಕಾದ ಪದ ಇದೇ.

ಉಳಿದದ್ದು ರಿನೌನ್ಸ್. ಅಂದರೆ ‘ಬಿಟ್ಟೆ’, ‘ತೊರೆದೆ’. ಇದಕ್ಕೊಂದು ಷರತ್ತಿದೆ: ಬಿಡೋ ವಸ್ತು ಮೊದಲೇ ನಿಮ್ಮದಾಗಿರಬೇಕು. ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ವಾಪಸು ಮಾಡಿದರು. ಅದು ಅವರಿಗೆ ಆಗಲೇ ಸಂದಿದ್ದ ಗೌರವ, ಹಾಗಾಗಿ ರಿನೌನ್ಸ್. ಕೊಡ್ತೀವಿ ಅಂದಾಗಲೇ ಬೇಡ ಅಂದಿದ್ದರೆ ಡಿಕ್ಲೈನ್ ಆಗ್ತಿತ್ತು.

ಈ ಪದಕ್ಕೆ ಎಷ್ಟು ತೂಕ ಇದೆ ಅನ್ನೋದಕ್ಕೆ ಹಲಸೂರು, ಶಿವಾಜಿನಗರದ ಚರಿತ್ರೆಯೇ ಸಾಕ್ಷಿ. 1809ರಲ್ಲಿ ಹಲಸೂರಿನ ಕಡೆ ಬ್ರಿಟಿಷರ ದಂಡು ನೆಲೆಯೂರಿತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಇಡೀ ಮೈಸೂರಿನ ಆಡಳಿತವನ್ನೇ ಬ್ರಿಟಿಷರು ತೆಗೆದುಕೊಂಡರು. ಅರಸರು ಬಿಟ್ಟುಕೊಟ್ಟದ್ದಲ್ಲ, ಇವರು ಕಿತ್ತುಕೊಂಡದ್ದು. ಹಾಗಾಗಿ ಅದು ರಿನೌನ್ಸ್ ಅಲ್ಲ, ‘ಡಿಪ್ರೈವ್’. ರಾಜ್ಯ ವಾಪಸು ಕೊಡಿ ಅಂತ ಒಡೆಯರು ವರ್ಷಗಟ್ಟಲೆ ಮನವಿ ಮಾಡಿದರು, ಬ್ರಿಟಿಷರು ಒಪ್ಪಲಿಲ್ಲ. ಅದು ರಿಜೆಕ್ಟ್.

ಕೊನೆಗೆ 1881ರ ಮಾರ್ಚ್ 25ರಂದು ಅವರ ದತ್ತುಪುತ್ರ ಹತ್ತನೇ ಚಾಮರಾಜ ಒಡೆಯರಿಗೆ ರಾಜ್ಯ ಮರಳಿತು, ಷರತ್ತುಗಳ ಜೊತೆಗೆ. ದಂಡಿಗೆ ಬೇಕಾದ ನೆಲವನ್ನು ಪುಕ್ಕಟೆಯಾಗಿ ಕೊಟ್ಟು, ಅಲ್ಲಿನ ಆಡಳಿತ ಮತ್ತು ನ್ಯಾಯದ ಅಧಿಕಾರವನ್ನು ಮಹಾರಾಜರು ‘ರಿನೌನ್ಸ್’ ಮಾಡಬೇಕು ಅನ್ನೋದು ಅದರಲ್ಲೊಂದು. ಹಲಸೂರು, ಬ್ಲ್ಯಾಕ್‌ಪಲ್ಲಿ ಅಂತಿದ್ದ ಇಂದಿನ ಶಿವಾಜಿನಗರ ಎಲ್ಲ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಆಗಿ ಬ್ರಿಟಿಷ್ ರೆಸಿಡೆಂಟರ ಕೈಕೆಳಗೆ ಉಳಿದವು. ಒಂದೇ ಬೆಂಗಳೂರಿಗೆ ಎರಡು ಆಡಳಿತ, ಎರಡು ಮುನಿಸಿಪಾಲಿಟಿ.

ಇಲ್ಲಿ ಎರಡು ವಿಷಯ ಗಮನಿಸಿ. ಮೊದಲನೆಯದು, ರಿನೌನ್ಸ್ ಅಂದರೆ ಮನಸಾರೆ ಬಿಟ್ಟ ಹಾಗೆ ಕೇಳುತ್ತೆ. ಆದರೆ ಈ ಷರತ್ತು ಒಪ್ಪದೆ ರಾಜ್ಯ ಸಿಗ್ತಿರಲಿಲ್ಲ. ಪದ ನಯವಾಗಿದ್ದರೂ ಒತ್ತಡ ಒತ್ತಡವೇ. ಎರಡನೆಯದು, ಕ್ರಿಯಾಪದದಷ್ಟೇ ಕರ್ಮಪದವೂ ಮುಖ್ಯ. ಮಹಾರಾಜರು ಬಿಟ್ಟದ್ದು ಆ ಜಾಗವನ್ನು ಆಳೋ ಅಧಿಕಾರವನ್ನು; ಆ ಜಾಗ ಮೈಸೂರಿನದ್ದು ಅನ್ನೋದನ್ನಲ್ಲ. ಅದಕ್ಕೇ ಕಾನೂನಿನ ಲೆಕ್ಕದಲ್ಲಿ ದಂಡು ಪ್ರದೇಶ ‘ಬ್ರಿಟಿಷ್ ಇಂಡಿಯಾ’ಕ್ಕೆ ಸೇರಲಿಲ್ಲ. 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರ ಮುಂಚೆ, ಆ ಅಧಿಕಾರ ಮೈಸೂರಿಗೆ ಮರಳಿತು. ಅದಕ್ಕೆ ಇಂಗ್ಲಿಷಿನಲ್ಲಿ ‘ರೆಟ್ರೊಸೆಷನ್’ ಅಂತಾರೆ. 1949ರಲ್ಲಿ ಎರಡೂ ಮುನಿಸಿಪಾಲಿಟಿ ಸೇರಿ ಬೆಂಗಳೂರು ಕಾರ್ಪೊರೇಷನ್ ಆಯಿತು.

ನಾಳೆ ನಿಮ್ಮ ಮುಂದೆಯೂ ಒಂದು ಒಪ್ಪಂದ ಬರುತ್ತೆ: ಆಫರ್ ಲೆಟರ್, ಸರ್ವಿಸ್ ಬಾಂಡ್, ಪ್ರಾಜೆಕ್ಟಿನ ಹಕ್ಕಿನ ಕಾಗದ. ಅದರಲ್ಲಿ ‘ರಿನೌನ್ಸ್’ ಅಥವಾ ಅದರ ತಮ್ಮನಂಥ ‘ವೇವ್’ ಕಂಡರೆ ಸಹಿ ಹಾಕೋ ಮೊದಲು ನಿಲ್ಲಿ. ಅಲ್ಲಿ ನೀವು ಬರೀ ‘ಬೇಡ’ ಅಂತಿಲ್ಲ, ನಿಮ್ಮದನ್ನೇ ಬಿಟ್ಟುಕೊಡ್ತಿದ್ದೀರಿ. ಏನನ್ನು, ಎಷ್ಟನ್ನು ಅಂತ ಮುಂದಿನ ಪದ ಹೇಳುತ್ತೆ. ಅದನ್ನು ಎರಡು ಸಲ ಓದಿ.