ಫೆಬ್ರುವರಿಯಲ್ಲಿ ನೆಟ್ಟ ಎಲೆಕೋಸು
ಕಾಚಿಗುಡದ ಓದುಗರೇ, ನಿಮ್ಮ ಕೋಸು ಗಡ್ಡೆ ಕಟ್ಟದ್ದಕ್ಕೆ ಗೊಬ್ಬರದ ಮೇಲೆ ತಪ್ಪು ಹೊರಿಸಬೇಡಿ. ಎಲೆಕೋಸು ಬಿಗಿಯಾಗಿ ಗಡ್ಡೆ ಕಟ್ಟಲು 15ರಿಂದ 20 ಡಿಗ್ರಿಯ ತಂಪು ಬೇಕು. ಫೆಬ್ರುವರಿಯಲ್ಲಿ ನೆಟ್ಟ ಸಸಿ ಆ ಹಂತಕ್ಕೆ ಬರುವಷ್ಟರಲ್ಲಿ ಹೈದರಾಬಾದಿನ ತಾರಸಿ ಕಾದ ಹೆಂಚಾಗಿರುತ್ತದೆ. ಎಲೆ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ, ಹಸಿರು ಹುಳುವಿನ ಕಾಟವೂ ಆಗಲೇ ಜೋರು. ನೀವು ಬರೆದಿರುವ ಸಾಸಿವೆಯ ಘಾಟು ಗ್ಲುಕೋಸಿನೊಲೇಟ್ ಎಂಬ ಸಂಯುಕ್ತಗಳಿಂದ ಬರುವುದು. ಸೆಕೆ, ನೀರಿನ ಕೊರತೆಯಲ್ಲಿ ಹೆಚ್ಚುವುದುಂಟು. ತಿನ್ನಲು ಅಡ್ಡಿಯಿಲ್ಲ. ಚಳಿಯ ಕೋಸಿನಲ್ಲಾದರೆ ಸಕ್ಕರೆಯಂಶ ಕೂಡಿ ಸಿಹಿ ಬರುತ್ತದೆ. ಸಿ ಜೀವಸತ್ವದ ಮಾತೆತ್ತಿದಿರಿ: ಯಾವ ಹಂಗಾಮಿನ ಕೋಸಾದರೂ ಬೇಯಿಸಿ ನೀರು ಬಸಿದರೆ ಅದರ ದೊಡ್ಡ ಪಾಲು ಬಚ್ಚಲಿಗೇ. ಕೋಸಂಬರಿ ಮಾಡಿ.

ಮುಂದಿನ ಸಲ ಸೆಪ್ಟೆಂಬರಿನಲ್ಲಿ ಗೋಲ್ಡನ್ ಏಕರ್ ತಳಿಯ ಬೀಜ ಹಾಕಿ, ನಾಲ್ಕೈದು ವಾರದ ಸಸಿ ಕಿತ್ತು ನೆಡಿ. ಸುಮಾರು ಎರಡು ತಿಂಗಳಿಗೆ, ಹೆಬ್ಬೆರಳಿಂದ ಒತ್ತಿದರೂ ತಗ್ಗದಷ್ಟು ಗಟ್ಟಿಯಾದಾಗ ಕೊಯ್ಯಿರಿ. ತಡವಾದರೆ ಗಡ್ಡೆ ಬಿರಿಯುತ್ತದೆ.